ಹೊಳೆಯದ ರಸ್ತೆ

ತೂಬಗೆರೆ ಕಡೆಯ ಹಳ್ಳಿಗಳಿಂದ ಹೆಂಗಸರನ್ನು ಹತ್ತಿಸಿಕೊಂಡು ದೇವನಹಳ್ಳಿ ಹತ್ತಿರದ ಒಂದು ಪ್ಯಾಕಿಂಗ್ ಕಾರ್ಖಾನೆಗೆ ಬಿಟ್ಟು ಬರುವ ವ್ಯಾನನ್ನು ರಮ್ಯ ಓಡಿಸುತ್ತಿದ್ದಳು. ಮೊದಲು ಅವಳೂ ಅದೇ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಮುಚ್ಚಳ ಹಾಕುವ ಸಾಲಿನಲ್ಲಿ ನಿಂತಿದ್ದವಳೇ. ಆದರೆ ನಿಂತ ಕಡೆ ನಿಂತಿರುವುದು ಅವಳ ಮೈಗೆ ಒಗ್ಗಲಿಲ್ಲ. ಒಂದು ಕಾಲಿಂದ ಇನ್ನೊಂದು ಕಾಲಿಗೆ ತೂಗುವಳು, ನೀರು ಕುಡಿಯುವ ನೆಪ ಮಾಡಿ ಓಡುವಳು, ಬಾಗಿಲ ಕಡೆ ನೋಡುವಳು. "ಏನಮ್ಮಾ, ಕಾಲಲ್ಲಿ ಇರುವೆ ಬಿಟ್ಕೊಂಡಿದ್ದೀಯಾ?" ಎಂದು ಸೂಪರ್‌ವೈಸರ್ ಎಲ್ಲರೆದುರು ಬೈದಿದ್ದ.

ವ್ಯಾನಿನ ಹಳೆಯ ಡ್ರೈವರ್ ಒಂದು ಬೆಳಿಗ್ಗೆ ಹೇಳದೆ ಕೇಳದೆ ಕೈಕೊಟ್ಟ. ಹೆಂಗಸರೆಲ್ಲ ಅರಳಿಕಟ್ಟೆ ಹತ್ತಿರ ಊಟದ ಡಬ್ಬಿ ಹಿಡಿದು ನಿಂತಿದ್ದರು. ರಮ್ಯ ಅಪ್ಪನ ಮನೆಯಲ್ಲಿ ಟ್ರ್ಯಾಕ್ಟರ್ ಓಡಿಸಿ ಕಲಿತವಳು. ಮದುವೆಯಾದ ಮೇಲೆ ಗಂಡ ಮನೋಹರನ ಜೊತೆ ಹೋಗಿ ಲೈಸೆನ್ಸೂ ಮಾಡಿಸಿಕೊಂಡಿದ್ದಳು. ವ್ಯಾನಿನ ಮಾಲೀಕ ಮುರಳಿಗೆ ಅಲ್ಲಿಂದಲೇ ಫೋನ್ ಮಾಡಿದಳು.

"ಮುರಳಿಯಣ್ಣಾ, ಕೀ ಎಲ್ಲಿದೆ ಹೇಳಿ. ನಾನು ಓಡಿಸ್ತೀನಿ."

"ನೀನಾ?"

"ಇನ್ಯಾರಿದ್ದಾರೆ ಇಲ್ಲಿ?"

ಅವತ್ತು ಹಿಡಿದ ಸ್ಟೇರಿಂಗನ್ನು ಅವಳು ಬಿಡಲಿಲ್ಲ. ಸಾಲಿನಲ್ಲಿ ನಿಲ್ಲಲಾಗದ ಕಾಲಿಗೆ ಕ್ಲಚ್ಚು, ಬ್ರೇಕು ಸರಿಹೋದವು. ಊರಲ್ಲಿ ಒಂದಿಷ್ಟು ದಿನ ಜನ ಆಡಿಕೊಂಡರು, ಆಮೇಲೆ ಸುಮ್ಮನಾದರು. ಬಾಶೆಟ್ಟಿಹಳ್ಳಿಯಲ್ಲಿ ಶಿಫ್ಟಿನ ಕೆಲಸ ಮಾಡುತ್ತಿದ್ದ ಮನೋಹರ ಮಾತ್ರ "ನನ್ನ ಹೆಂಡ್ತಿ ಗಾಡಿ ಓಡಿಸ್ತಾಳೆ, ನಾನು ಬಸ್ಸಿಗೆ ಕಾಯ್ತೀನಿ" ಎಂದು ನಗುತ್ತಿದ್ದ.

ತೊಂದರೆ ಕೊಟ್ಟಿದ್ದು ಬಿಸಿಲು. ದೊಡ್ಡಬಳ್ಳಾಪುರ ದಾಟಿ ದೇವನಹಳ್ಳಿ ರಸ್ತೆಗೆ ತಿರುಗಿದರೆ ಬೆಳಿಗ್ಗೆ ಸೂರ್ಯ ನೆಟ್ಟಗೆ ಮುಖಕ್ಕೆ. ಸಂಜೆ ಅದೇ ರಸ್ತೆಯಲ್ಲಿ ವಾಪಸ್ ಬರುವಾಗಲೂ ಮುಖಕ್ಕೇ. ಮುಂದಿನ ಗಾಜಿನ ಮೇಲೆ ವೈಪರ್ ಉಜ್ಜಿ ಉಜ್ಜಿ ಆದ ಗೀರುಗಳೆಲ್ಲ ಬೆಳಕಿಗೆ ಹೊತ್ತಿಕೊಂಡಂತೆ ಆಗುತ್ತಿದ್ದವು. ಎದುರಿನ ಕಾರಿನ ಹಿಂದಿನ ಗಾಜು, ಟ್ಯಾಂಕರಿನ ಬೆನ್ನು, ಸವೆದು ನುಣುಪಾದ ಟಾರು, ಎಲ್ಲ ಸೇರಿ ಕಣ್ಣಿಗೆ ಚುಚ್ಚುವುವು. ಒಂದು ಕೈ ಹಣೆಗೆ ಅಡ್ಡ ಹಿಡಿದು ಇನ್ನೊಂದು ಕೈಯಲ್ಲಿ ಓಡಿಸುವುದೇ ಅಭ್ಯಾಸವಾಗಿತ್ತು.

ಶಿವರಾತ್ರಿ ಕಳೆದ ಮೇಲೆ ಒಂದು ಸಂಜೆ ಹೀಗೇ ಬರುತ್ತಿದ್ದಾಗ, ಬೆಳಕಿನ ಒಳಗಿಂದ ಒಂದು ಹುಲ್ಲಿನ ಹೊರೆ ಎದ್ದು ಬಂತು. ಹೊರೆ ಕಟ್ಟಿದ ಸೈಕಲ್ ತಳ್ಳಿಕೊಂಡು ಒಬ್ಬ ಮುದುಕ ರಸ್ತೆ ದಾಟುತ್ತಿದ್ದ. ರಮ್ಯ ಬ್ರೇಕಿನ ಮೇಲೆ ನಿಂತೇಬಿಟ್ಟಳು. ಹಿಂದೆ ಕೂತವರೆಲ್ಲ ಮುಂದಿನ ಸೀಟಿಗೆ ಮುಗ್ಗರಿಸಿದರು. ಮುದುಕ ತಿರುಗಿಯೂ ನೋಡದೆ, ತನ್ನ ಪಾಡಿಗೆ ಸೈಕಲ್ ತಳ್ಳಿಕೊಂಡು ಆಚೆಗೆ ಹೋದ. ಹುಲ್ಲಿನ ನಾಲ್ಕು ಎಳೆ ವ್ಯಾನಿನ ಬಂಪರಿಗೆ ಸಿಕ್ಕಿಕೊಂಡಿದ್ದವು.

ಅವತ್ತಿಂದ ರಮ್ಯಳಿಗೆ ನೆಮ್ಮದಿ ಹೋಯಿತು. ಮನೆಯಲ್ಲಿ ಲೋಟ ತೊಳೆಯುತ್ತಿದ್ದರೆ ಕೈಯಿಂದ ಜಾರುವುದು. ಮುದ್ದೆ ತಿರುಗಿಸುತ್ತಾ ತಿರುಗಿಸುತ್ತಾ ಎಲ್ಲೋ ನೋಡಿಕೊಂಡು ನಿಲ್ಲುವಳು. ಯಾರಾದರೂ ಜೋರಾಗಿ ಕರೆದರೆ ಬಲಗಾಲು ನೆಲವನ್ನು ಒತ್ತುವುದು. ಬಸ್ ಸ್ಟ್ಯಾಂಡ್ ಹತ್ತಿರ ಗಾಡಿಯವನ ಬಳಿ ಒಂದು ಕೂಲಿಂಗ್ ಗ್ಲಾಸ್ ತಗೊಂಡಳು. ಅದನ್ನು ಹಾಕಿದರೆ ಬಿಸಿಲೂ ಕಪ್ಪು, ರಸ್ತೆಯೂ ಕಪ್ಪು, ಮರದ ನೆರಳಲ್ಲಿ ನಡೆಯುವ ಜನರೂ ಕಪ್ಪು. ಇನ್ನಷ್ಟು ಹೆದರಿಕೆಯಾಗಿ ಎಸೆದಳು.

ಕೊನೆಗೆ ದೊಡ್ಡಬಳ್ಳಾಪುರದ ಒಂದು ಕನ್ನಡಕದ ಅಂಗಡಿಗೆ ಹೋದಳು. ಅಲ್ಲಿ ಉಮ್ಮೆ ಹಬೀಬಾ ಎಂಬ ಹುಡುಗಿ ಕಣ್ಣು ಪರೀಕ್ಷೆ ಮಾಡುತ್ತಿದ್ದಳು. ಅದೇ ಕೋರ್ಸು ಓದಿ ಹೊಸದಾಗಿ ಕೆಲಸಕ್ಕೆ ಸೇರಿದ್ದವಳು. ರಮ್ಯಳ ಕಣ್ಣು ನೋಡಿ, "ಕಣ್ಣಿಗೇನೂ ಆಗಿಲ್ಲ ಅಕ್ಕಾ, ನಿಮಗೆ ಪೋಲರೈಸ್ಡ್ ಗ್ಲಾಸ್ ಬೇಕು" ಅಂದಳು.

"ಹಂಗಂದ್ರೆ?"

ಹಬೀಬಾ ಒಂದು ಕನ್ನಡಕ ತೆಗೆದು ರಮ್ಯಳ ಮೂಗಿನ ಮೇಲೆ ಕೂರಿಸಿದಳು. "ಈ ಷೋಕೇಸ್ ನೋಡಿ." ಗಾಜಿನ ಮೇಲೆ ಬೀದಿಯ ಬೆಳಕು ಬಿದ್ದು ಬಿಳಿ ಹಾಳೆ ಹಾಸಿದಂತಿತ್ತು. ಕನ್ನಡಕ ಹಾಕಿದ ಕೂಡಲೇ ಆ ಬಿಳುಪು ಮಾಯವಾಗಿ ಒಳಗಿದ್ದ ಫ್ರೇಮುಗಳೆಲ್ಲ ಒಂದೊಂದಾಗಿ ಕಂಡವು. ತಲೆ ಓರೆ ಮಾಡಿದರೆ ಬಿಳುಪು ಮತ್ತೆ ಬಂತು. ನೆಟ್ಟಗೆ ಮಾಡಿದರೆ ಹೋಯಿತು. ರಮ್ಯ ಪಾರಿವಾಳದಂತೆ ಆ ಕಡೆ ಈ ಕಡೆ ತಲೆ ಓಲಾಡಿಸುತ್ತಾ ನಿಂತಳು.

"ಮಾಮೂಲಿ ಗ್ಲಾಸು ಎಲ್ಲಾನೂ ಕಪ್ಪು ಮಾಡುತ್ತೆ. ಇದು ರಸ್ತೆ, ನೀರು, ಗಾಜು, ಇಂಥದ್ದರ ಮೇಲೆ ಬಿದ್ದು ಚಿಮ್ಮಿ ಬರೋ ಬೆಳಕನ್ನ ಹೆಚ್ಚಾಗಿ ತಡೆಯುತ್ತೆ. ಕಣ್ಣಿಗೆ ಆಯಾಸ ಆಗಲ್ಲ. ಆದ್ರೆ ಇದಕ್ಕೂ ತೊಂದರೆ ಇದೆ, ಕೇಳಿಸ್ಕೊಳ್ಳಿ. ಮೊಬೈಲ್‌ನ ಕೆಲವು ಕಡೆ ತಿರುಗಿಸಿದ್ರೆ ಪೂರ್ತಿ ಕಪ್ಪಾಗುತ್ತೆ. ಗಾಡಿಯ ಸೈಡ್ ಗಾಜಲ್ಲಿ ಬಣ್ಣದ ಮಚ್ಚೆ ಕಾಣಿಸುತ್ತೆ. ಮಬ್ಬಾದ ಮೇಲೆ ಹಾಕ್ಲೇಬೇಡಿ. ಇನ್ನೊಂದು ಮುಖ್ಯವಾದ್ದು, ರಸ್ತೆ ಒದ್ದೆ ಇದ್ದಾಗ..."

ಅಷ್ಟರಲ್ಲಿ ರಮ್ಯಳ ಫೋನ್ ಬಡಿದುಕೊಂಡಿತು. ಮುರಳಿ. ವ್ಯಾನು ಎಲ್ಲಿ, ಸಂಜೆಯ ಟ್ರಿಪ್ಪಿಗೆ ಹೊತ್ತಾಯಿತಲ್ಲ ಎಂದು ಗದರುತ್ತಿದ್ದ. ರಮ್ಯ ಅವನಿಗೆ ಉತ್ತರ ಕೊಡುತ್ತಲೇ ಹಬೀಬಾಳ ಮಾತಿಗೆ ತಲೆಯಾಡಿಸಿದಳು. ಹುಡುಗಿ ಏನೋ ಹೇಳುತ್ತಿದ್ದಳು. ಇವಳು ಕನ್ನಡಕದ ಡಬ್ಬಿ ಬಗಲಿಗಿಟ್ಟುಕೊಂಡು ಮೆಟ್ಟಿಲಿಳಿದಳು.

ಆ ಸಂಜೆಯ ರಸ್ತೆ ಬೇರೆಯದೇ ರಸ್ತೆಯಾಗಿತ್ತು. ಗಾಜಿನ ಮೇಲಿನ ಉರಿ ತಣ್ಣಗಾಯಿತು. ಮುಂದಿನ ಕಾರಿನೊಳಗೆ ಕೂತವರ ತಲೆಗಳು ಕಂಡವು. ಟಾರಿನ ಜಲ್ಲಿ ಕಲ್ಲುಗಳು, ಬಿಳಿ ಪಟ್ಟೆ, ಅಂಚಿನ ಮಣ್ಣು ಎಲ್ಲ ಬಿಡಿಬಿಡಿಯಾಗಿ ಕಂಡವು. ಕೆರೆ ಏರಿಯ ಪಕ್ಕದಲ್ಲಿ ಹೋಗುವಾಗ ದಡದ ನೀರಿನೊಳಗಿನ ಜೊಂಡು ಬುಡದ ತನಕ ಕಂಡಿತು. ಹಣೆಗೆ ಅಡ್ಡ ಹಿಡಿಯುತ್ತಿದ್ದ ಕೈ ಸ್ಟೇರಿಂಗಿಗೆ ಬಂತು.

ವ್ಯಾನಿನೊಳಗೆ ಮಾತ್ರ ಗಲಾಟೆ. ಎಲ್ಲರಿಗಿಂತ ಕಿರಿಯಳಾದ ಚಂದನ "ಅಕ್ಕಾ, ಹೀರೋಯಿನ್ ಥರ ಕಾಣ್ತೀರ" ಎಂದು ಫೋಟೋ ಹೊಡೆದಳು. ಡ್ರೈವರ್ ಹಿಂದಿನ ಸೀಟು ಮುನಿಗಂಗಮ್ಮನದು. ಕಾರ್ಖಾನೆಯಲ್ಲಿ ಎಲ್ಲರಿಗಿಂತ ಹಳಬಳು, ಬಾಯಿ ಜೋರು. ಅವಳಿಗೆ ಇದು ಹಿಡಿಸಲಿಲ್ಲ.

"ತೆಗಿಯಮ್ಮ ಅದನ್ನ. ಪೊರೆ ಆಪರೇಷನ್ ಮಾಡಿಸ್ಕೊಂಡೋರ ಥರ ಇದ್ದೀಯ. ಮುಂದಿನ ಕನ್ನಡೀಲಿ ನಿನ್ನ ಕಣ್ಣು ನೋಡ್ಕೊಂಡು ಕೂರ್ತಿದ್ದೆ. ಎದ್ದಿದ್ದೀಯೋ ತೂಕಡಿಸ್ತಿದ್ದೀಯೋ ಈಗ ಹೆಂಗೆ ಗೊತ್ತಾಗಬೇಕು?"

"ಗಂಗಮ್ಮಕ್ಕಾ, ನಾನು ನೋಡ್ಬೇಕಾಗಿರೋದು ರಸ್ತೇನ. ನನ್ನ ಕಣ್ಣು ನೀನು ನೋಡಿ ಏನು ಮಾಡ್ತೀಯ?"

ಹಬೀಬಾ ಹೇಳಿದ ಸಣ್ಣ ತೊಂದರೆಗಳೆಲ್ಲ ಒಂದೊಂದಾಗಿ ಬಂದವು. ರಿವರ್ಸ್ ಹಾಕಿದಾಗ ಹಿಂದಿನದನ್ನು ತೋರಿಸುವ ಪುಟ್ಟ ಪರದೆ ಕಪ್ಪಾಗಿ ಕಂಡು, ಕೆಟ್ಟುಹೋಗಿದೆ ಎಂದು ಮುರಳಿಗೆ ದೂರು ಹೇಳಿ ಬೈಸಿಕೊಂಡಳು. ಕಿಟಕಿ ಗಾಜಿನಲ್ಲಿ ನೀಲಿ ಮಚ್ಚೆಗಳು ತೇಲುತ್ತಿದ್ದವು. ಇವೆಲ್ಲ ರೂಢಿಯಾದವು.

ಬೇಸಿಗೆ ಬಲಿತ ಒಂದು ಸಂಜೆ ಕನ್ನಡಕ ತನ್ನ ಬೆಲೆ ತೋರಿಸಿತು. ದೂರದಲ್ಲಿ ರಸ್ತೆಯ ನಡುವೆ ಟಾರಿನ ಬಣ್ಣದ್ದೇ ಸೀರೆಯುಟ್ಟ ಹೆಂಗಸೊಬ್ಬಳು ಕುಕ್ಕರಗಾಲಲ್ಲಿ ಕೂತು ಏನೋ ಹೆಕ್ಕುತ್ತಿದ್ದಳು. ಅಂಚಿನಲ್ಲಿ ಒಂದು ಸ್ಕೂಟರು, ಬಾಯಿ ಬಿಚ್ಚಿದ ಮೂಟೆ, ಚೆಲ್ಲಿದ ಹುರುಳಿಕಾಯಿ. ರಮ್ಯಳ ಮುಂದಿದ್ದ ಕಾರು ತೀರಾ ಹತ್ತಿರ ಹೋಗಿ, ಕಡೇ ಗಳಿಗೆಯಲ್ಲಿ ಕಿರುಚಿ ಪಕ್ಕಕ್ಕೆ ಹಾರಿತು. ಹಿಂದೆ ಲಾರಿಗಳು ಬರುತ್ತಿದ್ದವು. ರಮ್ಯ ಆಗಲೇ ವೇಗ ಇಳಿಸಿದ್ದಳು. ಎರಡೂ ಕಡೆಯ ದೀಪ ಮಿನುಗಿಸಿ, ವ್ಯಾನನ್ನು ರಸ್ತೆಗೆ ಓರೆಯಾಗಿ ನಿಲ್ಲಿಸಿ ಹಾರ್ನ್ ಒತ್ತಿ ಹಿಡಿದಳು. ಲಾರಿಗಳು ಒಂದೊಂದಾಗಿ ನಿಧಾನವಾಗಿ ಸುತ್ತಿ ಹೋದವು.

ಹೆಂಗಸು ತಲೆಯೆತ್ತಿ ಸಿಡುಕಿದಳು. "ಹಾರ್ನ್ ಯಾಕಮ್ಮ ಹಂಗೆ ಬಡ್ಕೋತೀಯ? ಎತ್ಕೋತಾ ಇಲ್ವಾ?"

ಮನೆಗೆ ಬಂದು ರಮ್ಯ ಇದನ್ನು ಮನೋಹರನಿಗೆ ಹೇಳಿದಳು. ಅವನು ಶಿಫ್ಟ್ ಮುಗಿಸಿ ಬಂದು ಕಾಲು ಚಾಚಿ ಕೂತಿದ್ದ. "ಒಳ್ಳೇದಾಯ್ತು ಬಿಡು" ಅಂದು ಟೀವಿ ಕಡೆ ತಿರುಗಿದ. ಏನೂ ಆಗದ ಸಂಗತಿಯನ್ನು ಯಾರು ಎಷ್ಟು ಹೊತ್ತು ಕೇಳುತ್ತಾರೆ? ಆದರೆ ರಮ್ಯಳಿಗೆ ಆ ಕನ್ನಡಕದ ಮೇಲೆ ನಂಬಿಕೆ ಗಟ್ಟಿಯಾಯಿತು. ಬೆಳಿಗ್ಗೆ ಕೀ ಹಾಕುವ ಮೊದಲೇ ಏರಿಸಿಕೊಂಡರೆ ಸಂಜೆ ಗಾಡಿ ನಿಲ್ಲಿಸುವ ತನಕ ಇಳಿಸುತ್ತಿರಲಿಲ್ಲ. ನೆರಳಿರಲಿ, ಮೋಡವಿರಲಿ, ಮೂಗಿನ ಮೇಲೆ ಅದು ಇರಬೇಕು.

ಮುಂಗಾರು ಇನ್ನೂ ಹಿಡಿದಿರಲಿಲ್ಲ. ಒಂದು ಬೆಳಗಿನ ಜಾವ ದಿಢೀರನೆ ಒಂದು ಹದ ಮಳೆ ಬಿದ್ದು ನಿಂತಿತು. ವ್ಯಾನು ದೇವನಹಳ್ಳಿ ರಸ್ತೆಗೆ ಬರುವ ಹೊತ್ತಿಗೆ ಮೋಡ ಹರಿದು ಸೂರ್ಯ ಎದ್ದಿದ್ದ. ತಿಂಗಳುಗಟ್ಟಲೆ ರಸ್ತೆಯ ಮೇಲೆ ತೊಟ್ಟಿಕ್ಕಿದ್ದ ಎಣ್ಣೆ, ಡೀಸೆಲ್ಲು ನೀರಿನ ಜೊತೆ ಸೇರಿತ್ತು. ರಮ್ಯಳಿಗೆ ಕಂಡಿದ್ದು ಮಾಮೂಲಿ ಕರೀ ಟಾರು, ಸ್ವಲ್ಪ ಗಾಢವಾಗಿ ಅಷ್ಟೆ. ಅವಳು ಮಾಮೂಲಿ ವೇಗದಲ್ಲೇ ತಿರುವಿಗೆ ಬಂದಳು. ಮುಂದೆ ಒಬ್ಬ ಬೈಕಿನವನು ತಟ್ಟನೆ ನಿಧಾನ ಮಾಡಿದ. ಇವಳು ಬ್ರೇಕ್ ಒತ್ತಿದಳು.

ಬ್ರೇಕ್ ಹಿಡಿಯಲಿಲ್ಲ. ವ್ಯಾನು ಸದ್ದಿಲ್ಲದೆ ಜಾರಿತು. ಹಿಂಭಾಗ ಪಕ್ಕಕ್ಕೆ ಬಂತು, ಕಿಟಕಿಯಲ್ಲಿ ಹೊಲ, ಕಂಬ, ಮತ್ತೆ ಹೊಲ ತಿರುಗಿದವು. ಬೈಕಿನವನನ್ನು ಬಿಟ್ಟು ಆಚೆ ಸರಿದು, ಎರಡು ಚಕ್ರ ಚರಂಡಿಗೆ ಇಳಿದು ಧಡ್ ಎಂದು ವಾಲಿ ನಿಂತಿತು. ಆ ಹೊತ್ತಿಗೆ ಸರಿಯಾಗಿ ಮುನಿಗಂಗಮ್ಮ ಮೇಲಿನ ಕಂಬಿಯಿಂದ ತನ್ನ ಬ್ಯಾಗು ಇಳಿಸಿಕೊಳ್ಳಲು ಎದ್ದು ನಿಂತಿದ್ದಳು. ಬಿದ್ದ ರಭಸಕ್ಕೆ ಭುಜದ ಮುಂದಿನ ಎಲುಬು ಮುರಿಯಿತು. ಉಳಿದವರಿಗೆ ತರಚು, ಊತ.

ಎಲ್ಲರೂ ಕಿಟಕಿಯಿಂದ, ಬಾಗಿಲಿಂದ ಇಳಿದು ರಸ್ತೆಯಂಚಿಗೆ ನಿಂತರು. ಚಂದನ ಕೇಳಿದಳು, "ರಸ್ತೆ ಕನ್ನಡಿ ಥರ ಹೊಳೀತಿತ್ತಲ್ಲಕ್ಕಾ. ನಿಮಗೆ ಕಾಣ್ಲಿಲ್ವಾ?"

ರಮ್ಯ ಕನ್ನಡಕ ತೆಗೆದಳು. ರಸ್ತೆ ಉದ್ದಕ್ಕೂ ಬೆಳ್ಳಗೆ ಉರಿಯುತ್ತಿತ್ತು.

ಮುರಳಿ ಬಂದ, ಆಟೋ ಕರೆಸಿ ಮುನಿಗಂಗಮ್ಮನನ್ನು ಆಸ್ಪತ್ರೆಗೆ ಕಳಿಸಿದ, ಗಾಡಿ ಎತ್ತಿಸಿದ, ಕೊನೆಗೆ ರಮ್ಯಳ ಮುಂದೆ ಕೈ ಚಾಚಿದ. "ಕೀ ಕೊಡಮ್ಮ. ಸ್ವಲ್ಪ ದಿನ ಮನೇಲಿರು." ಅವನು ಜೋರು ಮಾಡಲಿಲ್ಲ. ಅದೇ ಅವಳಿಗೆ ಕಷ್ಟವಾಯಿತು. ಸಂಜೆಯೊಳಗೆ ಊರಿಗೆಲ್ಲ ಸುದ್ದಿ ಹಬ್ಬಿತು: ಸ್ಟೈಲಿಗೆ ಕೂಲಿಂಗ್ ಗ್ಲಾಸ್ ಹಾಕ್ಕೊಂಡು ಗಾಡಿ ಬೀಳಿಸಿದಳು.

ಮನೆಯಲ್ಲಿ ಕೂರುವುದು ಅವಳಿಂದ ಆಗಲಿಲ್ಲ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದಳು. ಬಟ್ಟೆ ಒಗೆದು ಹಾಕಿ, ಒಣಗುವ ಮೊದಲೇ ಮುಟ್ಟಿ ಮುಟ್ಟಿ ನೋಡಿದಳು. ಬೆಳಿಗ್ಗೆ ಹೊಸ ಡ್ರೈವರನ ಹಾರ್ನ್ ಅರಳಿಕಟ್ಟೆ ಕಡೆಯಿಂದ ಕೇಳಿಸಿದರೆ ಹಿತ್ತಲಿಗೆ ಹೋಗಿ ನಿಲ್ಲುವಳು. ತಪ್ಪು ಕನ್ನಡಕದ್ದೋ ತನ್ನದೋ? ಅದಿಲ್ಲದಿದ್ದರೂ ಗಾಡಿ ಜಾರುತ್ತಿತ್ತೋ? ಮನೋಹರ "ಎಣ್ಣೆ ಮೇಲೆ ಯಾರ ಗಾಡಿಯಾದ್ರೂ ಜಾರುತ್ತೆ ಕಣೇ, ಬಿಟ್ಟಾಕು" ಅಂದ. ಬಿಟ್ಟು ಹಾಕಲು ಬರಲಿಲ್ಲ.

ಮತ್ತೆ ಹಬೀಬಾಳ ಹತ್ತಿರ ಹೋದಳು. ಹುಡುಗಿ ಎಲ್ಲ ಕೇಳಿ ಮುಖ ಸಣ್ಣ ಮಾಡಿಕೊಂಡಳು.

"ನಾನು ಹೇಳಿದ್ನಲ್ಲ ಅಕ್ಕಾ ಅವತ್ತು. ಒದ್ದೆ ರಸ್ತೆ ಹೊಳಪೂ ಇದರಲ್ಲಿ ಮಂಕಾಗುತ್ತೆ, ಅಲ್ಲಿ ಹುಷಾರು ಅಂತ. ನೀವು ಹೂಂ ಅಂದ್ರಿ."

"ಫೋನಲ್ಲಿದ್ದೆ."

"ನೀವು ಫೋನ್ ಇಡೋ ತನಕ ನಾನೂ ಕಾಯಬೇಕಿತ್ತು" ಅಂದಳು ಹಬೀಬಾ. "ಆದ್ರೆ ಗ್ಲಾಸ್ ಇಲ್ದೇ ಇದ್ದಿದ್ರೆ ಗಾಡಿ ನಿಲ್ತಿತ್ತು ಅಂತ ನಾನು ಹೇಳಕ್ಕಾಗಲ್ಲ ಅಕ್ಕಾ. ನನಗೆ ಗೊತ್ತಿಲ್ಲ" ಅಂದಳು.

ಇನ್ನೊಬ್ಬರ ಬಾಯಿಂದ ಉತ್ತರ ಸಿಗುವುದಿಲ್ಲ ಎಂದು ರಮ್ಯಳಿಗೆ ಖಾತ್ರಿಯಾಯಿತು. ಮಾರನೇ ದಿನ ಎರವಲು ತಂದ ಸ್ಕೂಟರಿನಲ್ಲಿ ಒಂದು ಕ್ಯಾನು ನೀರು ಇಟ್ಟುಕೊಂಡು ಅದೇ ತಿರುವಿಗೆ ಹೋದಳು. ಮನೋಹರ "ಹುಚ್ಚು ಹಿಡೀತು ನಿನಗೆ" ಎನ್ನುತ್ತಲೇ ಜೊತೆಗೆ ಬಂದು, ಬರುವ ಗಾಡಿಗಳಿಗೆ ಟವೆಲ್ ಬೀಸುತ್ತಾ ನಿಂತ. ರಸ್ತೆಯಂಚಿನ ಟಾರಿನ ಮೇಲೆ ರಮ್ಯ ನೀರು ಸುರಿದು, ಸೂರ್ಯನ ಕಡೆ ಮುಖ ಮಾಡಿ ನಾಲ್ಕು ಮಾರು ಹಿಂದೆ ನಿಂತಳು. ಬರಿಗಣ್ಣಲ್ಲಿ ನೀರು ಥಳಥಳ ಹೊಳೆದು ಕಣ್ಣು ಮುಚ್ಚುವಂತಾಯಿತು. ಕನ್ನಡಕ ಹಾಕಿದಳು. ಹೊಳಪು ಹೋಯಿತು. ಕರೀ ಟಾರು, ಸ್ವಲ್ಪ ಗಾಢವಾಗಿ ಅಷ್ಟೆ. ತೆಗೆದಳು, ಹಾಕಿದಳು, ತಲೆ ಓರೆ ಮಾಡಿದಳು. ನೀರು ಆರಿ ಹೋಗುವ ತನಕ ಹಾಗೇ ಮಾಡುತ್ತಿದ್ದಳು.

"ಏನು ಗೊತ್ತಾಯ್ತು?" ಮನೋಹರ ಕೇಳಿದ.

"ಕಣ್ಣಿಗೆ ಹೊಡೆದಿದ್ರೆ ಬೈಕೊಂಡು ನಿಧಾನ ಮಾಡ್ತಿದ್ದೆ ಕಣ್ರೀ. ಹೊಡೀಲಿಲ್ಲ, ಆರಾಮಾಗಿ ಹೋದೆ." ಕನ್ನಡಕ ಮಡಚುತ್ತಾ ಮತ್ತೆ ಅಂದಳು. "ಹುರುಳಿಕಾಯಿ ಹೆಕ್ತಿದ್ದೋಳು ಕಂಡಿದ್ದೂ ಇದರಿಂದಾನೇ."

ಅಲ್ಲಿಂದ ನೇರವಾಗಿ ಮುನಿಗಂಗಮ್ಮನ ಮನೆಗೆ ಹೋದಳು. ಅವಳು ಕೈಗೆ ಜೋಳಿಗೆ ಕಟ್ಟಿಕೊಂಡು ಜಗಲಿಯ ಮೇಲೆ ಕೂತಿದ್ದಳು. ರಮ್ಯಳನ್ನು ಕಂಡು ಮುಖ ತಿರುಗಿಸಿದಳು.

"ಬಂದ್ಯಾ? ಬಾ. ಒಂದು ಕೈಯಲ್ಲಿ ಜಡೆ ಹಾಕ್ಕೊಳೋದು ಹೆಂಗೆ ಅಂತ ತೋರ್ಸು ನನಗೆ."

ರಮ್ಯ ಬೈಗುಳವನ್ನೆಲ್ಲ ನಿಂತೇ ಕೇಳಿದಳು. ಆಮೇಲೆ ರಸ್ತೆಯ ಮೇಲೆ ನೀರು ಸುರಿದು ನೋಡಿದ್ದನ್ನು ಹೇಳಿದಳು. ತಾನು ಮಾತು ಪೂರ್ತಿ ಕೇಳದೆ ಅಂಗಡಿಯಿಂದ ಎದ್ದು ಬಂದಿದ್ದನ್ನೂ ಹೇಳಿದಳು. ಮುನಿಗಂಗಮ್ಮನಿಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. "ಎಲ್ಲಿ, ಕೊಡು ಇಲ್ಲಿ" ಎಂದು ಸರಿಯಿದ್ದ ಕೈಯಿಂದ ಕನ್ನಡಕ ಕಿತ್ತುಕೊಂಡು ಮೂಗಿಗೇರಿಸಿ ಅಂಗಳ ನೋಡಿದಳು. ಬಿಸಿಲಿಗೆ ಹೊಳೆಯುತ್ತಿದ್ದ ನೀರಿನ ತೊಟ್ಟಿಯ ಮೇಲೆ ಅವಳ ದೃಷ್ಟಿ ನಿಂತಿತು.

"ಅಯ್ಯೋ, ನನ್ನ ಸೌಟು!"

ಪಾತ್ರೆ ತೊಳೆಯುವಾಗ ಕಳೆದುಹೋಗಿ, ಪಕ್ಕದ ಮನೆಯವರೇ ಎತ್ತಿಕೊಂಡರೆಂದು ಅವಳು ಜಗಳ ಆಡಿದ್ದ ಹಿತ್ತಾಳೆ ಸೌಟು ತೊಟ್ಟಿಯ ತಳದಲ್ಲಿ ಮಲಗಿತ್ತು. ರಮ್ಯ ತೊಟ್ಟಿಗೆ ತೋಳು ಇಳಿಸಿ ತೆಗೆದುಕೊಟ್ಟಳು. ಮುನಿಗಂಗಮ್ಮ ನಗಬಾರದೆಂದುಕೊಂಡೇ ನಕ್ಕಳು. ನಕ್ಕರೆ ಭುಜ ನೋಯುತ್ತದೆಂದು ಮತ್ತೆ ಬೈದಳು. ರಮ್ಯ ಅವಳ ಹಿಂದೆ ಕೂತು ತಲೆ ಬಾಚಿ ಜಡೆ ಹಾಕಿದಳು. ಆಮೇಲೆ ಭುಜ ವಾಸಿಯಾಗುವ ತನಕ ದಿನಾ ಬೆಳಿಗ್ಗೆ ಹೋಗಿ ಹಾಕಿ ಬಂದಳು.

ಈ ನಡುವೆ ಹೊಸ ಡ್ರೈವರನ ಗೋಳು ಶುರುವಾಗಿತ್ತು. ಸಂಜೆ ಬಿಸಿಲಿಗೆ ಅವನೂ ಹಣೆಗೆ ಕೈ ಹಿಡಿಯುತ್ತಿದ್ದ, ಇನ್ನೊಂದು ಕೈಯಲ್ಲಿ ಫೋನು. ಒಂದು ಸಲ ಡಿವೈಡರಿಗೆ ಉಜ್ಜಿಕೊಂಡೇ ಹೋದ. ಹೆಂಗಸರು ಮುರಳಿಯನ್ನು ಅರಳಿಕಟ್ಟೆ ಹತ್ತಿರ ಅಡ್ಡಗಟ್ಟಿ ಮಾತಾಡಿದರು. ಮಾತಾಡಿದವರಲ್ಲಿ ಚಂದನ ಮೊದಲನೆಯವಳು.

ಮುರಳಿ ರಮ್ಯಳ ಮನೆಗೆ ಬಂದು ಕಾಫಿ ಕುಡಿದು ಕೀಯನ್ನು ಮೇಜಿನ ಮೇಲಿಟ್ಟ. "ನಾಳೆಯಿಂದ ಬಾ. ಆದ್ರೆ ಆ ಗ್ಲಾಸ್ ಹಾಕ್ಬೇಡ."

ಕೀ ನೋಡುತ್ತಲೇ ರಮ್ಯಳ ಕಾಲು ಎದ್ದು ನಿಲ್ಲಲು ಹವಣಿಸಿತು. ಆದರೂ ಅವಳು ಕೀ ಮುಟ್ಟಲಿಲ್ಲ. "ಹಾಕ್ತೀನಣ್ಣ. ಒಣ ರಸ್ತೇಲಿ, ಬಿಸಿಲಲ್ಲಿ ಹಾಕ್ತೀನಿ. ಮಳೆ ಬಿದ್ರೆ ತೆಗೀತೀನಿ, ಮಬ್ಬಾದ್ರೆ ತೆಗೀತೀನಿ. ಪೂರ್ತಿ ಬೇಡ ಅಂದ್ರೆ ಸಂಜೆ ಟ್ರಿಪ್ ಬೇರೆಯವರಿಗೆ ಕೊಟ್ಟುಬಿಡಿ."

ಮುರಳಿ ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದ. "ಮತ್ತೆ ಹಂಗೇನಾದ್ರೂ ಆದ್ರೆ?"

"ಆಗಲ್ಲ ಅಂತ ನಾನು ಹೇಳಲ್ಲ."

ಅವನು ಕೀಯನ್ನು ಮೇಜಿನ ಮೇಲೇ ಬಿಟ್ಟು ಹೋದ.

ರಮ್ಯ ಮತ್ತೆ ಓಡಿಸತೊಡಗಿದಳು. ಮೊದಲಿನ ನಂಬಿಕೆ ಮಾತ್ರ ಬರಲಿಲ್ಲ. ದೂರದಲ್ಲಿ ರಸ್ತೆ ಎಲ್ಲಾದರೂ ಸ್ವಲ್ಪ ಹೆಚ್ಚು ಕಪ್ಪಾಗಿ ಕಂಡರೆ ವೇಗ ಇಳಿಸಿ, ಕನ್ನಡಕವನ್ನು ಹಣೆಗೆ ಸರಿಸಿ ನೋಡುತ್ತಾಳೆ. ಹೊಳೆದರೆ ಇನ್ನೂ ನಿಧಾನ. ಹೊಳೆಯದಿದ್ದರೂ ಅನುಮಾನ. ಹೆಂಗಸರು ಗೊಣಗುತ್ತಾರೆ, ಕಾರ್ಖಾನೆ ಗೇಟು ಮುಚ್ಚುತ್ತೆ ಎನ್ನುತ್ತಾರೆ.

ಆಷಾಢದ ಒಂದು ಬೆಳಿಗ್ಗೆ ಜಡಿಮಳೆ ಬಿಟ್ಟ ಮೇಲೆ, ಇಳಿಜಾರಿನ ಹತ್ತಿರ ಅವಳು ವ್ಯಾನನ್ನು ಪಕ್ಕಕ್ಕೆ ನಿಲ್ಲಿಸಿದಳು. ಕನ್ನಡಕ ತೆಗೆದಿಟ್ಟಿದ್ದಳು, ಆದರೂ ಮುಂದೆ ಟಾರಿನ ಮೇಲೆ ಕಪ್ಪಗೆ ಒಂದು ಪಟ್ಟೆ ಅಡ್ಡ ಬಿದ್ದಿತ್ತು.

"ಈಗೇನು?" ಭುಜ ವಾಸಿಯಾಗಿ ಕೆಲಸಕ್ಕೆ ಮರಳಿದ್ದ ಮುನಿಗಂಗಮ್ಮ ಕೇಳಿದಳು.

ರಮ್ಯ ಇಳಿದು, ಎರಡೂ ಕಡೆ ನೋಡಿ, ಆ ಕಪ್ಪಿನ ತನಕ ನಡೆದು ಹೋದಳು. ಚಪ್ಪಲಿಯಿಂದ ಉಜ್ಜಿ ನೋಡಿದಳು. ಬಗ್ಗಿ ಬೆರಳಿಂದ ಮುಟ್ಟಿ ಮೂಸಿದಳು. ರಸ್ತೆಯವರು ಹೊಸದಾಗಿ ಹಾಕಿದ್ದ ತೇಪೆ ಅದು. ಒರಟಾಗಿತ್ತು, ಎಣ್ಣೆಯಿರಲಿಲ್ಲ. ವಾಪಸ್ ಬಂದು ಸೀಟಿಗೆ ಹತ್ತಿ, ಸೆರಗಿಗೆ ಬೆರಳು ಒರೆಸಿಕೊಂಡು ಕೀ ತಿರುಗಿಸಿದಳು.